ಒಂದು ಹೊಳೆ, ಎರಡು ಹಿನ್ನೀರು

ಗೋಕರ್ಣದ ಓಂ ಬೀಚ್‌ಗೆ ಬಂದವರು ಸಾಮಾನ್ಯವಾಗಿ ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಒಂದು ಲಿಂಬು ಸೋಡಾ ಕುಡಿದು ಹಿಂದಿರುಗುತ್ತಾರೆ. ಕೆಲವು ವರ್ಷಗಳ ಹಿಂದೆ ಕಲಬುರ್ಗಿಯಿಂದ ಬಂದ ನನ್ನ ಗೆಳೆಯರೊಬ್ಬರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಗುಡ್ಡದ ಕಾಲುದಾರಿ ಹಿಡಿದು ದಕ್ಷಿಣಕ್ಕೆ ನಡೆದೆವು. ಹಾಫ್ ಮೂನ್, ಪ್ಯಾರಡೈಸ್, ಬೆಲೇಕಾನ್ ದಾಟಿ ತದಡಿಗೆ ಇಳಿಯುವ ಹೊತ್ತಿಗೆ ಬಿಸಿಲು ಬಾಗಿತ್ತು. ಮುಂದೆ ಕಣ್ಣು ಹಾಯುವಷ್ಟು ದೂರ ನೀರು. ಆಚೆ ದಡದಲ್ಲಿ ತೆಂಗಿನ ಸಾಲು, ನಡುವೆ ಕಾಂಡ್ಲಾ ಗಿಡಗಳ ಹಸಿರು ಮಚ್ಚೆಗಳು, ಅಲೆಯೇ ಇಲ್ಲ. ಗೆಳೆಯರು ಕೇಳಿದರು: "ಇದ್ಯಾವ ಕೆರೀರೀ, ಇಷ್ಟ ದೊಡ್ಡದು?"

ನಾನು ನಕ್ಕೆ. "ಕೆರೆಯಲ್ಲ, ಅಘನಾಶಿನಿ ಹೊಳೆ" ಎಂದೆ. ಅವರು ನಂಬಲಿಲ್ಲ. ಅವರು ಕಂಡ ಹೊಳೆಗಳು ಭೀಮಾ, ಕಾಗಿಣಾ. ಹೊಳೆ ಎಂದರೆ ಹರಿಯಬೇಕು, ಎಲ್ಲಿಂದ ಬಂತು ಎಲ್ಲಿಗೆ ಹೊರಟಿತು ಎಂಬುದು ಕಣ್ಣಿಗೆ ಕಾಣಬೇಕು. ಇದು ನಿಂತ ನೀರು.

ನಕ್ಕದ್ದು ತಪ್ಪಾಯಿತು ಎಂದು ಆಮೇಲೆ ಗೊತ್ತಾಯಿತು. ಇದೇ ಮಾತನ್ನು ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ದೊಡ್ಡ ಮನುಷ್ಯ ಆಡಿದ್ದ. ಟಿಪ್ಪು ಸುಲ್ತಾನ್ ಹುತಾತ್ಮನಾದ ಮೇಲೆ ಈಸ್ಟ್ ಇಂಡಿಯಾ ಕಂಪನಿ ತನ್ನ ಕೈಗೆ ಬಂದ ನಾಡನ್ನು ಅಳೆದು ತೂಗಿ ನೋಡಲು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳಿಸಿತ್ತು. 1801ರಲ್ಲಿ ಹೊನ್ನಾವರಕ್ಕೆ ಬಂದ ಆತ ಶರಾವತಿಯ ಕೊನೆಯನ್ನು ನೋಡಿ, ಇಲ್ಲಿಯವರು ಇದನ್ನು ಹೊಳೆ ಎನ್ನುತ್ತಾರೆ, ಆದರೆ ಸರೋವರ ಎನ್ನುವುದೇ ಸರಿ ಎಂಬರ್ಥದ ಮಾತು ಬರೆದಿಟ್ಟ. ಒಳಗೆ ಅನೇಕ ನಡುಗಡ್ಡೆಗಳಿವೆ, ಕೆಲವದರಲ್ಲಿ ಬೇಸಾಯವಿದೆ, ನೀರು ಹೆಚ್ಚುಕಡಿಮೆ ಘಟ್ಟದ ಬುಡದವರೆಗೂ ಚಾಚಿದೆ ಎಂದ. ಜೊತೆಗೆ ಇನ್ನೊಂದು ಸಂಗತಿ ಬರೆದ. ಬೇಸಿಗೆಯಲ್ಲಿ ಇದು ಪೂರಾ ಉಪ್ಪು. ಮಳೆಗಾಲದಲ್ಲಿ ತೊರೆಗಳೆಲ್ಲ ಉಕ್ಕಿ ಬಂದು ಇಡೀ ಸರೋವರವೇ ಸಿಹಿಯಾಗುತ್ತದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಹೇಳಬೇಕಾದ ಕತೆಯೆಲ್ಲ ಆ ಉಪ್ಪಿನಲ್ಲಿದೆ.

ಹೊಳೆಯೋ ಸರೋವರವೋ ಎಂಬ ಜಗಳಕ್ಕೆ ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಭೂಮಿಯ ನೀರಿನ ದೊಡ್ಡ ಪಾಲು ಧ್ರುವಗಳ ಕಡೆಯ ಹಿಮದಲ್ಲಿ ಸೆರೆಯಾಗಿತ್ತು. ಸಮುದ್ರ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ನಮ್ಮ ಕರಾವಳಿಯ ಅಂಚು ಇಂದಿನ ದಡದಿಂದ ಬಹಳ ದೂರ ಪಶ್ಚಿಮಕ್ಕಿತ್ತು. ಘಟ್ಟ ಇಳಿದ ಹೊಳೆಗಳು ಆ ತಗ್ಗಿನ ಸಮುದ್ರವನ್ನು ಮುಟ್ಟಲು ಆಳವಾದ ಕಣಿವೆಗಳನ್ನು ಕೊರೆದವು. ಹಿಮ ಕರಗಿತು, ಸಮುದ್ರ ಏರಿತು. ಆರೇಳು ಸಾವಿರ ವರ್ಷಗಳ ಹಿಂದೆ ಅದು ಹೆಚ್ಚುಕಡಿಮೆ ಇಂದಿನ ಮಟ್ಟಕ್ಕೆ ಬಂದು ನಿಂತಾಗ ಹೊಳೆಗಳು ತೋಡಿಟ್ಟ ಕಣಿವೆಗಳ ಬಾಯೆಲ್ಲ ಮುಳುಗಿತ್ತು. ಬುಕನನ್ ಕಂಡ ಸರೋವರ ಅಂಥ ಮುಳುಗಿದ ಕಣಿವೆ. ಅದರ ನಡುಗಡ್ಡೆಗಳಿಗೆ ನಮ್ಮಲ್ಲಿ ಕುರ್ವೆ ಎನ್ನುತ್ತಾರೆ. ಶರಾವತಿಯಲ್ಲಿ ಮಾವಿನಕುರ್ವೆ, ಅಘನಾಶಿನಿಯಲ್ಲಿ ಐಗಳಕುರ್ವೆ.

ಅಲ್ಲಿಂದ ಶುರುವಾಯಿತು ಮರಳಿನ ಜಗ್ಗಾಟ. ಮಳೆಗಾಲದಲ್ಲಿ ಹೊಳೆ ಘಟ್ಟದಿಂದ ಮಣ್ಣು ಮರಳು ಹೊತ್ತು ತರುತ್ತದೆ, ಸಮುದ್ರ ಅದನ್ನು ತಿರುಗಿ ದಡಕ್ಕೆ ಎಸೆಯುತ್ತದೆ. ಎಸೆದ ಮರಳು ಹೊಳೆಯ ಬಾಯಿಗೆ ಅಡ್ಡವಾಗಿ ಉದ್ದನೆಯ ನಾಲಿಗೆಯಂತೆ ಬೆಳೆಯುತ್ತದೆ. ಹೊಳೆ ನೇರ ಹೋಗಲಾಗದೆ ದಡಕ್ಕೆ ಸಮಾನಾಂತರವಾಗಿ ಹೊರಳಿ, ನಾಲಿಗೆ ತುದಿಯಲ್ಲಿ ಸಂದು ಹುಡುಕಿ ಹೊರಬೀಳುತ್ತದೆ. ಆ ಸಂದಿಗೆ ಅಳಿವೆ ಎಂದು ಹೆಸರು. ದೊಡ್ಡ ನೆರೆ ಬಂದ ವರ್ಷ ಅದು ಅಗಲವಾಗುತ್ತದೆ, ಇಲ್ಲವೇ ಜಾಗ ಬದಲಿಸುತ್ತದೆ. ಹೊನ್ನಾವರದಲ್ಲಿ ದಕ್ಷಿಣಕ್ಕೆ ಕಾಸರಕೋಡಿನ ಟೊಂಕ, ಉತ್ತರಕ್ಕೆ ಪಾವಿನಕುರ್ವೆ. ಎರಡೂ ಮರಳಿನ ಮೇಲಿನ ಊರುಗಳು. ಒಂದು ಕಡೆ ಬೆಳೆದರೆ ಇನ್ನೊಂದು ಕಡೆ ಕೊರೆಯುತ್ತದೆ. ಅಳಿವೆ ಎಲ್ಲಿದೆ, ಎಷ್ಟು ತೆರೆದಿದೆ ಎಂಬುದರ ಮೇಲೆ ಒಳಗಿನ ನೀರು ಎಷ್ಟು ಉಪ್ಪು, ಎಷ್ಟು ಆಳ, ಯಾವ ಮೀನು ಎಂಬುದೆಲ್ಲ ತೀರ್ಮಾನವಾಗುತ್ತದೆ.

ಹೊಳೆ ದಾರಿ ಬದಲಿಸಿದರೆ ಸರೋವರದ ಹಣೆಬರಹ ಬದಲಾಗುತ್ತದೆ ಎಂಬುದನ್ನು ಮೊದಲೇ ಗಮನವಿಟ್ಟು ನೋಡಿದವರಲ್ಲಿ ಅಲ್‌ಬಿರೂನಿ ಒಬ್ಬ. ಉರ್ದು ಶಾಲೆಯಲ್ಲಿ ನಾವು ಅವನ ಹೆಸರನ್ನು 'ಕಿತಾಬುಲ್ ಹಿಂದ್' ಬರೆದವನೆಂದು ಬಾಯಿಪಾಠ ಮಾಡಿದ್ದೆವು, ಅಷ್ಟೇ. ಅವನೊಬ್ಬ ಹೊಳೆಯ ದಂಡೆಯ ಮನುಷ್ಯ ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ. 973ರಲ್ಲಿ ಅವನು ಹುಟ್ಟಿದ್ದು ಮಧ್ಯ ಏಷ್ಯಾದ ಖ್ವಾರಿಜ್ಮ್‌ನಲ್ಲಿ. ಅಲ್ಲಿ ಜೈಹೂನ್, ಅಂದರೆ ಇಂದಿನ ಅಮು ದರಿಯಾ, ರಾಜಧಾನಿ ಕಾತ್‌ನ ಹಳೆಯ ಕೋಟೆಯನ್ನು ವರ್ಷಕ್ಕಿಷ್ಟರಂತೆ ಕಡಿದು ನುಂಗುತ್ತಿತ್ತು. 994ರ ಹೊತ್ತಿಗೆ ಅದರ ಕುರುಹೂ ಉಳಿಯಲಿಲ್ಲ ಎಂದು ಅವನೇ ದಾಖಲಿಸಿದ್ದಾನೆ. ಆ ಹೊಳೆ ಹಿಂದೆ ಬೇರೆ ದಾರಿಯಲ್ಲಿ ಹರಿಯುತ್ತಿತ್ತು, ಮರುಭೂಮಿಯ ಕಲ್ಲಿನೊಳಗೆ ಚಿಪ್ಪುಗಳು ಸಿಗುವುದು ಅಲ್ಲಿ ಹಿಂದೆ ನೀರಿದ್ದುದಕ್ಕೆ ಸಾಕ್ಷಿ ಎಂದು ವಾದಿಸಿದ. ಮುಂದೆ ಹಿಂದೂಸ್ತಾನದ ಮೈದಾನ ನೋಡಿದಾಗಲೂ ಅದೇ ಕಣ್ಣು. ಬೆಟ್ಟದ ಹತ್ತಿರ ದಪ್ಪ ದುಂಡು ಕಲ್ಲು, ದೂರ ಹೋದಂತೆ ಸಣ್ಣ ಕಲ್ಲು, ಹೊಳೆ ನಿಧಾನವಾಗಿ ಸಮುದ್ರ ಸೇರುವಲ್ಲಿ ನುಣ್ಣನೆ ಮರಳು. ಈ ನೆಲ ಒಂದು ಕಾಲಕ್ಕೆ ಸಮುದ್ರವಾಗಿತ್ತು, ಹೊಳೆಗಳು ತಂದ ಮಣ್ಣು ಅದನ್ನು ತುಂಬಿತು ಎಂದು ಒಂಬತ್ತು ನೂರು ವರ್ಷಗಳಿಗೂ ಹಿಂದೆಯೇ ಬರೆದ.

ಅವನ ಜೈಹೂನ್ ಅವನ ನಂತರವೂ ಸುಮ್ಮನಿರಲಿಲ್ಲ. 1221ರಲ್ಲಿ ಚೆಂಗೀಸ್‌ಖಾನನ ಸೇನೆ ಗುರ್ಗಂಜ್ ನಗರವನ್ನು ನಾಶ ಮಾಡಿದಾಗ ಹೊಳೆಯ ಒಡ್ಡುಗಳನ್ನೂ ಒಡೆಯಿತೆಂದು ಆ ಕಾಲದ ಇತಿಹಾಸಕಾರ ಇಬ್ನುಲ್ ಅಸೀರ್ ಹೇಳುತ್ತಾನೆ. ಮುಂದೆ ಬಹುಕಾಲ ನೀರಿನ ಒಂದು ಪಾಲು ಪಶ್ಚಿಮಕ್ಕೆ ಹೊರಳಿ ಸಾರಿಕಮಿಶ್ ಎಂಬ ತಗ್ಗಿನಲ್ಲಿ ದೊಡ್ಡ ಸರೋವರವಾಯಿತು. ಹದಿನಾರನೇ ಶತಮಾನದಲ್ಲಿ ಹೊಳೆ ಮತ್ತೆ ಉತ್ತರಕ್ಕೆ, ಅರಲ್ ಸಮುದ್ರದ ಕಡೆ ತಿರುಗಿತು. ತಾನು ಹುಟ್ಟುವ ಮೂವತ್ತು ವರ್ಷ ಮೊದಲು ಹೊಳೆ ದಾರಿ ಬದಲಿಸಿತೆಂದು 1603ರಲ್ಲಿ ಹುಟ್ಟಿದ ಖೀವಾದ ಅರಸ ಅಬುಲ್ ಗಾಜಿ ಬರೆದಿದ್ದಾನೆ. ಸಾರಿಕಮಿಶ್ ಒಣಗಿತು, ಹಳೆಯ ರಾಜಧಾನಿಯ ನೆಲಕ್ಕೆ ನೀರು ನಿಂತಿತು. ಇಪ್ಪತ್ತನೇ ಶತಮಾನದಲ್ಲಿ ಸೋವಿಯತ್ ಸರಕಾರ ಹತ್ತಿಗಾಗಿ ಅದೇ ಹೊಳೆಯನ್ನು ಕಾಲುವೆಗಳಿಗೆ ಹಂಚಿಬಿಟ್ಟಿತು. 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ಇದ್ದ ಅರಲ್ ಸಮುದ್ರದಲ್ಲಿ ಈಗ ಹತ್ತನೇ ಒಂದು ಪಾಲು ಉಳಿದಿದ್ದರೆ ಹೆಚ್ಚು. ಹತ್ತಿ ಹೊಲಗಳಿಂದ ಬಸಿದ ಉಪ್ಪು ನೀರು ಸೇರಿ ಸಾರಿಕಮಿಶ್ ಮತ್ತೆ ತುಂಬಿತು. ಮನುಷ್ಯ ಕೈಹಾಕಿದ ಮೇಲೆ ಹೊಳೆಯ ದಾರಿ ಬದಲಾಗಲು ಶತಮಾನಗಳು ಬೇಕಾಗಲಿಲ್ಲ, ಒಂದು ತಲೆಮಾರು ಸಾಕಾಯಿತು.

ಅಷ್ಟು ದೂರದ ಕತೆ ಇಲ್ಲಿಗೇಕೆ ಎಂದರೆ, ನಮ್ಮ ಶರಾವತಿಯಲ್ಲಿ ಆದದ್ದೂ ಅದೇ ಜಾತಿಯದು. ಆದರೆ ಇಲ್ಲಿ ಸರೋವರ ಒಣಗಲಿಲ್ಲ. ಹಾಗಾಗಿ ಯಾರೂ ಗಮನಿಸಲಿಲ್ಲ.

ಹೊನ್ನಾವರದ ಆ ನೀರಿಗೆ ಮೊದಲು ಲಿಖಿತ ಸಾಕ್ಷಿ ಹೇಳಿದವರಲ್ಲಿ ಇಬ್ನ್ ಬತೂತಾ ಪ್ರಮುಖ. ಸುಮಾರು 1342ರಲ್ಲಿ ಅವನು ಹಿನೌರ್‌ಗೆ ಬಂದ. ಅವನ ಸಫರ್‌ನಾಮೆಯ ಈ ಭಾಗವನ್ನು ನಮ್ಮವರು ಉಲ್ಲೇಖಿಸುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಊರಲ್ಲಿ ಹೆಣ್ಣುಮಕ್ಕಳಿಗೆ 13 ಮದ್ರಸಗಳು, ಗಂಡುಮಕ್ಕಳಿಗೆ 23, ಹೆಂಗಸರೆಲ್ಲ ಕುರ್‌ಆನ್ ಕಂಠಪಾಠ ಮಾಡಿದವರು ಎಂದು ಅವನು ಬೆರಗಾಗಿ ಬರೆದದ್ದಕ್ಕೆ. ಹೆಮ್ಮೆಪಡುವ ಮಾತೇ. ಆದರೆ ಅದಕ್ಕೂ ಮುಂಚೆ ಅವನು ಊರಿನ ಗುರುತು ಹೇಳುತ್ತಾನೆ. ಊರು ಸಮುದ್ರದಿಂದ ಅರ್ಧ ಮೈಲಿ ಒಳಗೆ, ದೊಡ್ಡ ಹಡಗುಗಳೂ ಒಳಬರಬಲ್ಲ ದೊಡ್ಡ ಖೌರ್ ಮೇಲಿದೆ. ಖೌರ್ ಎಂದರೆ ಅರಬಿಯಲ್ಲಿ ಭೂಮಿಯೊಳಗೆ ಚಾಚಿದ ಸಮುದ್ರದ ತೋಳು. ಬುಕನನ್‌ನ 'ಸರೋವರ'ವೂ ನಮ್ಮ 'ಹೊಳೆ'ಯೂ ಅಲ್ಲದ ಮೂರನೇ ಪದ. ಪುಷ್ಕಲ್ ಎಂದು ಅವನು ಕರೆಯುವ ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವವರ ಹೊರತು ಯಾರೂ ಸಮುದ್ರಕ್ಕಿಳಿಯುವುದಿಲ್ಲ ಎಂದೂ ಹೇಳುತ್ತಾನೆ. ಊರನ್ನು ಆಳುತ್ತಿದ್ದವನು ಸುಲ್ತಾನ್ ಜಮಾಲುದ್ದೀನ್. ಅವನು ವಿಜಯನಗರದ ಹರಿಹರನಿಗೆ ಅಧೀನ. ಗೋವೆಯ ಮೇಲೆ ದಂಡೆತ್ತಿ ಹೋದ ಅವನ 52 ಹಡಗುಗಳು ಹೊರಟದ್ದು ಈ ಅಳಿವೆಯಿಂದಲೇ.

ಆ ಖೌರ್ ಇಲ್ಲದಿದ್ದರೆ ಹೊನ್ನಾವರಕ್ಕೆ ಇತಿಹಾಸವೇ ಇರುತ್ತಿರಲಿಲ್ಲ. ಘಟ್ಟದ ಮೆಣಸು ಗೇರುಸೊಪ್ಪೆಗೆ ಇಳಿದು, ಅಲ್ಲಿಂದ ದೋಣಿಯಲ್ಲಿ ಬಂದರಿಗೆ ಬರುತ್ತಿತ್ತು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಸಂಪತ್ತು ಈ ನೀರಿನ ಮೇಲೆಯೇ ತೇಲಿ ಹೋದದ್ದು. ಪೋರ್ಚುಗೀಸರು 1569ರಲ್ಲಿ ಊರು ಹಿಡಿದು ಕೋಟೆ ಕಟ್ಟಿದ್ದೂ ಈ ಬಾಯಿಗೆ ಬೀಗ ಹಾಕಲು. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಇಕ್ಕೇರಿಗೆ ಹೋಗುವಾಗ ಹೊನ್ನಾವರದಿಂದ ದೋಣಿ ಹತ್ತಿ, ಇಷ್ಟು ಚೆಲುವಾದ ಹೊಳೆಯನ್ನು ಕಂಡದ್ದು ಕಡಿಮೆ ಎಂದು ಹಾಡಿ ಹೊಗಳಿದ. ಗೇರುಸೊಪ್ಪೆ ಮುಟ್ಟಿದಾಗ ನಗರ ಆಗಲೇ ಹಾಳುಬಿದ್ದು ಮರಗಳು ಬೆಳೆದಿದ್ದವು. ಹೈದರಾಲಿ ಇಲ್ಲಿ ಯುದ್ಧನೌಕೆ ಕಟ್ಟಿಸುತ್ತಿದ್ದ. ಬ್ರಿಟಿಷರು ಮುಳುಗಿಸಿದ ಆ ಹಡಗುಗಳ ಅವಶೇಷ ಕೋಟೆಯ ಬಳಿ ನೀರಿನಲ್ಲಿ ಕಾಣುತ್ತದೆಂದು ಬುಕನನ್ ಬರೆದಿದ್ದಾನೆ. ಅರಸರು ಬದಲಾದರು, ಧ್ವಜಗಳು ಬದಲಾದವು. ಬೇಸಿಗೆಗೆ ಉಪ್ಪು, ಮಳೆಗಾಲಕ್ಕೆ ಸಿಹಿ ಎಂಬ ಹೊಳೆಯ ಪಂಚಾಂಗ ಬದಲಾಗಲಿಲ್ಲ.

ಆ ಪಂಚಾಂಗದ ಮೇಲೆ ದಂಡೆಯ ಬದುಕೆಲ್ಲ ನಿಂತಿತ್ತು. ಹೊಳೆಗುಂಟ ಮೇಲೆ ಹೋದರೆ ಉಪ್ಪೋಣಿ ಎಂಬ ಊರು ಸಿಗುತ್ತದೆ. ಆ ಹೆಸರಿನಲ್ಲಿರುವುದು ಉಪ್ಪೇ ಎಂದು ನನ್ನ ಊಹೆ, ಪಂಡಿತರು ಒಪ್ಪದಿದ್ದರೆ ಬಿಡಲಿ. ನನ್ನ ನಾನಿ ಹುಟ್ಟಿದ್ದು ಹೊನ್ನಾವರದ ಹತ್ತಿರದ ಒಂದು ಹೊಳೆದಂಡೆ ಊರಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆಯ ನೀರಿನಲ್ಲಿ ಮೀನು ತೊಳೆದರೆ ಸಾರಿಗೆ ಉಪ್ಪು ಕಡಿಮೆ ಹಾಕಬೇಕು ಎಂದು ಅವರು ತಮಾಷೆ ಮಾಡುತ್ತಿದ್ದರು. ಇಳಿತದ ಹೊತ್ತಿಗೆ ಹೆಂಗಸರು ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು ಆರಿಸುವುದು, ಸಂಜೆಗೆ ಮನೆಮನೆಯಲ್ಲೂ ತೆಂಗಿನಕಾಯಿ ಹಾಕಿದ ಬಳಚಿನ ಸುಕ್ಕ. ಜಾತಿ ಧರ್ಮದ ಗೊಡವೆಯಿಲ್ಲದೆ ಬಡವರ ಮಾಂಸ ಅದು. "ಆಮೇಲೆ ಬಳಚು ಹೋಯ್ತು" ಎಂದು ನಾನಿ ಹೇಳುತ್ತಿದ್ದರು. ಎಲ್ಲಿಗೆ ಹೋಯಿತು ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ಮುದುಕರ ಮಾತು ಎಂದು ನಾನೂ ಬಿಟ್ಟಿದ್ದೆ.

ಬಳಚು ಹೋದ ಕಾರಣ ಎಪ್ಪತ್ತು ಎಂಬತ್ತು ಕಿಲೋಮೀಟರ್ ಮೇಲೆ, ಘಟ್ಟದಾಚೆ ಇತ್ತು. ಜೋಗದ ನೀರಿನಿಂದ ವಿದ್ಯುತ್ ತೆಗೆಯುವ ಮೊದಲ ಕೇಂದ್ರ 1948ರಲ್ಲಿ ಕೆಲಸ ಶುರುಮಾಡಿತು. ಅದಕ್ಕೆ ಹಿರೇಭಾಸ್ಕರದಲ್ಲಿ ಅಣೆಕಟ್ಟು. 1964ರಲ್ಲಿ ಅದಕ್ಕಿಂತ ಎಷ್ಟೋ ದೊಡ್ಡದಾದ, 151 ಟಿಎಂಸಿ ನೀರು ಹಿಡಿಯುವ ಲಿಂಗನಮಕ್ಕಿ ಬಂತು. ಹಳೆಯ ಅಣೆಕಟ್ಟೇ ಅದರಲ್ಲಿ ಮುಳುಗಿತು; ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಈಗಲೂ ತಲೆ ಎತ್ತುತ್ತದೆ. ಸಾಗರ, ಹೊಸನಗರದ ಕಡೆ ಹಳ್ಳಿಗಳು ಹೋದವು, ಸಾವಿರಾರು ಕುಟುಂಬಗಳು ಗುಳೆ ಎದ್ದವು. ಇಂದು ಶರಾವತಿಯ ಹಿನ್ನೀರು ಎಂದರೆ ಎಲ್ಲರಿಗೂ ನೆನಪಾಗುವುದು ಆ ಮುಳುಗಡೆಯ ನೀರೇ. ಹಕ್ಕುಪತ್ರಕ್ಕಾಗಿ ಮೂರನೇ ತಲೆಮಾರೂ ಅಲೆಯುತ್ತಿರುವ ಅವರ ನೋವಿನ ಬಗ್ಗೆ ಕನ್ನಡದಲ್ಲಿ ಸಾಕಷ್ಟು ಬರೆಯಲಾಗಿದೆ, ಬರೆಯಬೇಕಾದ್ದೇ. ಆದರೆ ಇದೇ ಹೊಳೆಗೆ ಕೆಳಗೆ, ಸಮುದ್ರದ ಬಾಗಿಲಲ್ಲಿ, ಸಾವಿರಾರು ವರ್ಷ ಹಳೆಯ ಇನ್ನೊಂದು ಹಿನ್ನೀರಿತ್ತು. ಮೇಲಿನ ಹಿನ್ನೀರು ಕೆಳಗಿನ ಹಿನ್ನೀರನ್ನು ಏನು ಮಾಡಿತು ಎಂದು ಕೇಳಿದವರು ಕಡಿಮೆ.

ಮಾಡಿದ್ದು ಇಷ್ಟು. ಜೂನ್‌ನಿಂದ ನಾಲ್ಕು ತಿಂಗಳು ಭೋರ್ಗರೆದು ಇಳಿಯುತ್ತಿದ್ದ ನೀರನ್ನು ಅಣೆಕಟ್ಟು ಹಿಡಿದಿಟ್ಟುಕೊಂಡಿತು. ಹಿಡಿದ ನೀರನ್ನು ನಾಡಿಗೆ ಬೆಳಕು ಬೇಕಾದಾಗಲೆಲ್ಲ, ಅಂದರೆ ವರ್ಷವಿಡೀ, ಯಂತ್ರಗಳ ಮೂಲಕ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಟ್ಟಿತು. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿ 240 ಮೆಗಾವ್ಯಾಟ್‌ನ ಇನ್ನೊಂದು ಅಣೆಕಟ್ಟು ಸೇರಿತು. ಹೊಳೆ ನಕ್ಷೆಯಲ್ಲಿ ಒಂದು ಗೆರೆಯೂ ಸರಿಯಲಿಲ್ಲ. ಆದರೆ ಅದು ಬರುವ ಕಾಲ ಸರಿಯಿತು. ಮಳೆಗಾಲದ ಹೊಳೆಯನ್ನು ಬೇಸಿಗೆಗೂ ಹಂಚಿದರೆ, ಬೇಸಿಗೆಯಲ್ಲಿ ಒಳಬರಬೇಕಾದ ಸಮುದ್ರ ಹೊರಗೇ ನಿಲ್ಲುತ್ತದೆ. ಅಮು ದರಿಯಾ ಜಾಗ ಬದಲಿಸಿತು, ಶರಾವತಿ ತಿಂಗಳು ಬದಲಿಸಿತು. ನನ್ನ ಲೆಕ್ಕದಲ್ಲಿ ಎರಡೂ ದಾರಿ ಬದಲಿಸಿದ್ದೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಉತ್ತರ ಕನ್ನಡದ ಅಳಿವೆಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದಾಗ ನಾನಿಯ ಮಾತಿಗೆ ಪುರಾವೆ ಸಿಕ್ಕಿತು. ಶರಾವತಿಯ ಅಳಿವೆಯಲ್ಲಿ ಉಪ್ಪಿನ ಅಂಶ ಅತಿ ಕಡಿಮೆ. ಉಪ್ಪು ನೀರಿಲ್ಲದೆ ಬದುಕದ ಬಳಚು ಅಲ್ಲಿ ಹೆಚ್ಚುಕಡಿಮೆ ಇಲ್ಲವಾಗಿತ್ತು, ಮೀನಿನ ಜಾತಿಗಳೂ ಕಡಿಮೆ. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಬಳಚು, ಚಿಪ್ಪಿಕಲ್ಲು ಆರಿಸುವುದೊಂದರಿಂದಲೇ ಎರಡು ಸಾವಿರಕ್ಕೂ ಹೆಚ್ಚು ಮಂದಿ ಜೀವನ ಮಾಡುತ್ತಿದ್ದರು. ಎರಡು ಅಳಿವೆಗಳ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ.

ವಿದ್ಯುತ್ ಬೇಡವಾಗಿತ್ತೇ ಎಂದು ಯಾರಾದರೂ ಕೇಳಬಹುದು. ಈ ಲೇಖನವನ್ನು ನಾನು ಬರೆಯುತ್ತಿರುವುದೂ ವಿದ್ಯುತ್ ದೀಪದ ಕೆಳಗೇ. ಜೋಗದ ಬೆಳಕಿನಲ್ಲಿ ಇಡೀ ನಾಡು ಓದಿದೆ. ನನ್ನ ತಕರಾರು ಬೇರೆ. ಮುಳುಗಡೆಯವರಿಗೆ ತಡವಾಗಿಯಾದರೂ, ಕಡಿಮೆಯಾದರೂ ಪರಿಹಾರ ಎಂಬ ಮಾತಾದರೂ ಹುಟ್ಟಿತು. ಕೆಳಗಿನ ಹಿನ್ನೀರಿನಲ್ಲಿ ಯಾರ ಮನೆಯೂ ಮುಳುಗಲಿಲ್ಲ, ಹಾಗಾಗಿ ಬಳಚು ಆರಿಸುತ್ತಿದ್ದ ಹೆಂಗಸರು ಏನನ್ನೋ ಕಳೆದುಕೊಂಡರೆಂದು ಯಾವ ಕಾಗದವೂ ಹೇಳುವುದಿಲ್ಲ.

ಅಘನಾಶಿನಿಯ ದಂಡೆಯಲ್ಲಿ ಇನ್ನೂ ಹಳೆಯ ಪಂಚಾಂಗ ನಡೆಯುತ್ತಿದೆ. ಅಲ್ಲಿನ ಗಜನಿ ಗದ್ದೆಗಳನ್ನು ನೋಡದವರು ಒಮ್ಮೆ ಮಾಣಿಕಟ್ಟೆಯ ಕಡೆ ಹೋಗಬೇಕು. ಮಣ್ಣಿನ ಕಟ್ಟೆ, ಅದರಲ್ಲಿ ಹಲಗೆಯ ಬಾಗಿಲು. ಮಳೆ ಬಂದು ಉಪ್ಪು ತೊಳೆದುಹೋದ ಮೇಲೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ನೆರೆಯಲ್ಲಿ ಮುಳುಗಿದರೂ, ಉಪ್ಪು ತಗುಲಿದರೂ ಸಾಯದ ತಳಿ. ಕೊಯ್ಲಾದ ಮೇಲೆ ಬಾಗಿಲು ತೆರೆದು ಸಮುದ್ರದ ನೀರು ಬಿಟ್ಟುಕೊಂಡರೆ ಅದೇ ಗದ್ದೆ ಮೀನು ಸಿಗಡಿಯ ಹೊಂಡ. ಬುಕನನ್ ಹೇಳಿದ ಉಪ್ಪು ಸಿಹಿಯ ಸರದಿಯನ್ನು ಕೃಷಿಯಾಗಿ ಮಾರ್ಪಡಿಸಿಕೊಂಡ ಬುದ್ಧಿ ಅದು. ಆದರೆ ಸಿಗಡಿ ಸಾಕಣೆಯ ಆಸೆಯಿಂದ ಕಗ್ಗ ಬೆಳೆಯುವವರು ಬಹಳ ಕಡಿಮೆಯಾಗಿದ್ದಾರೆ. ತದಡಿಗೆ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ತರುವ ಪ್ರಯತ್ನ ಜನರ ವಿರೋಧದಿಂದ ನಿಂತಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು.

ಅದೇ ವರ್ಷ ಜುಲೈ 16ರಂದು ಓಂ ಬೀಚ್‌ನ ಇನ್ನೊಂದು ಮಗ್ಗುಲಿನ ಹೊಳೆ, ಗಂಗಾವಳಿ, ಸುದ್ದಿಯಾಯಿತು. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು ರಸ್ತೆ ದಾಟಿ ಹೊಳೆಗೇ ಬಿತ್ತು. ಹೊಳೆಯ ನಡುವೆ ಮಣ್ಣಿನ ದಿಬ್ಬ ಎದ್ದಿತು. ಸಿಡಿದ ನೀರಿನ ಅಲೆಗೆ ಎದುರು ದಂಡೆಯ ಉಳುವರೆಯ ಮನೆಗಳು ಕೊಚ್ಚಿಹೋದವು. ಮುಳುಗು ತಜ್ಞರು, ಡ್ರೆಜ್ಜರ್ ಎಲ್ಲ ಬಂದರೂ ಹೊಳೆಯೊಳಗಿನ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಹೊಳೆಯನ್ನು ತಳ್ಳುವುದು ಎಷ್ಟು ಸುಲಭ, ಅದರೊಳಗೆ ಹುಡುಕುವುದು ಎಷ್ಟು ಕಷ್ಟ!

ಇನ್ನೂ ದೊಡ್ಡ ತಳ್ಳಾಟಗಳು ಕಾಗದದ ಮೇಲಿವೆ. ಘಟ್ಟದ ಮೇಲೆ ಬೇಡ್ತಿ ಎಂಬ ಹೆಸರಿರುವ ಇದೇ ಗಂಗಾವಳಿಯನ್ನು ವರದಾ ನದಿಗೆ, ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಯೋಜನೆಗಳ ವಿರುದ್ಧ ಶಿರಸಿ ಸೀಮೆ ಎದ್ದು ನಿಂತಿದೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಶಿವಮೊಗ್ಗ ಜಿಲ್ಲೆಯೇ ಬಂದ್ ಆಗಿತ್ತು. ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಕೆಳಗೆ ಬಿಟ್ಟು ಮತ್ತೆ ಮೇಲೆತ್ತುವ 2,000 ಮೆಗಾವ್ಯಾಟ್ ಯೋಜನೆಗೂ ವಿರೋಧವಿದೆ. ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಈ ವಾದಗಳಲ್ಲಿ ಕಾಡಿನ ಲೆಕ್ಕವಿರುತ್ತದೆ, ಟಿಎಂಸಿಯ ಲೆಕ್ಕವಿರುತ್ತದೆ. ಘಟ್ಟದ ಮೇಲೆ ಹೊಳೆ ತಿರುಗಿಸಿದರೆ ಅಳಿವೆಯ ನೀರು ಯಾವ ತಿಂಗಳು ಎಷ್ಟು ಉಪ್ಪಾಗುತ್ತದೆ ಎಂಬ ಲೆಕ್ಕ ಅಷ್ಟಾಗಿ ಕೇಳಿಬರುವುದಿಲ್ಲ. ಶರಾವತಿಯಲ್ಲಿ ಉಪ್ಪು ಕಡಿಮೆಯಾಗಿ ಕೆಟ್ಟಿತು. ನೀರನ್ನೇ ಬೇರೆ ಕಡೆಗೆ ಒಯ್ದರೆ ಅಘನಾಶಿನಿಯಲ್ಲಿ ಉಪ್ಪು ಹೆಚ್ಚಾಗಿ ಕೆಡುತ್ತದೆ. ಕಗ್ಗಕ್ಕೂ ಒಂದು ಮಿತಿ ಇದೆ.

ಕಳೆದ ಬೇಸಿಗೆಯಲ್ಲಿ ಮಾವಿನಕುರ್ವೆಯ ಕಡೆ ದೋಣಿಯಲ್ಲಿ ಹೋಗಿದ್ದೆ. ತಲೆಯ ಮೇಲೆ ಕೊಂಕಣ ರೈಲ್ವೆಯ ಸೇತುವೆ. ಇಡೀ ಕೊಂಕಣ ಮಾರ್ಗದಲ್ಲಿ ಅತಿ ಉದ್ದದ್ದು, 2,065 ಮೀಟರ್. ಹುಟ್ಟಿದಲ್ಲಿಂದ ಸಮುದ್ರದವರೆಗೆ 128 ಕಿಲೋಮೀಟರ್ ಮಾತ್ರ ಇರುವ ಹೊಳೆಗೆ ಎರಡು ಕಿಲೋಮೀಟರ್ ಉದ್ದದ ಸೇತುವೆ! ಅಲ್ಲಿ ಕೂತರೆ ಬುಕನನ್ ಹೇಳಿದ್ದು ಸರಿ ಅನ್ನಿಸುತ್ತದೆ. ನಾನು ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿದೆ. ದೋಣಿಯವನು ನೋಡಿ ನಕ್ಕ.

"ಎಂತ ರುಚಿ ನೋಡ್ತ್ರಿ ಸಾಯ್ಬ್ರೇ, ಚಪ್ಪೆ ನೀರು. ನಮ್ಮ ಅಜ್ಜನ ಕಾಲ್ದಲ್ಲಿ ಈ ಹೊತ್ತಿಗೆ ಬಾಯಿಗೆ ಹಾಕುಕಾತಿರ್ಲಿಲ್ವಂತೆ."

ಒಬ್ಬ ಬ್ರಿಟಿಷ್ ಸಾಹೇಬ ಇದನ್ನು ಹೊಳೆಯಲ್ಲ, ಸರೋವರ ಎಂದು ಬರೆದಿದ್ದಾನೆ ಎಂದೆ. ಅವನು ಹುಟ್ಟು ನಿಲ್ಲಿಸಿ ಕ್ಷಣ ಯೋಚಿಸಿದ.

"ಕೆರೆಗೆ ಎಲ್ಲಾದ್ರೂ ಅಳಿವೆ ಇರ್ತದ್ಯ? ಇದು ಹೊಳೆನೇ" ಎಂದ. ಭರತ ಇಳಿಯತೊಡಗಿತ್ತು. ಮರಳ ದಿಬ್ಬಕ್ಕೆ ಸಿಕ್ಕಿಕೊಳ್ಳುವ ಮೊದಲು ದಡ ಸೇರಬೇಕೆಂದು ಅವನು ದೋಣಿ ತಿರುಗಿಸಿದ.